ಸರ್ವೋ ಬದಲಿಸುವ ಮುನ್ನ ಬಿಇಸಿ ನೋಡಿ

1:10 ಅಳತೆಯ ಆರ್‌ಸಿ (ರಿಮೋಟಿನಿಂದ ಓಡಿಸುವ) ಕಾರಿಗೆ ದೊಡ್ಡ ಸ್ಟೀರಿಂಗ್ ಸರ್ವೋ, ಅಂದರೆ ಚಕ್ರವನ್ನು ಎಡಬಲ ತಿರುಗಿಸುವ ಮೋಟರ್ ಪೆಟ್ಟಿಗೆ, ಹಾಕಿದ ಮೇಲೆ ಕಾರು ಮೊದಲಿಗಿಂತ ಹದಗೆಡುವುದು ಅಪರೂಪವೇನಲ್ಲ. ನಿಂತಲ್ಲೇ ಚಕ್ರ ತಿರುಗಿಸಿದರೆ, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್‌ನ ದೀಪ ಒಮ್ಮೆ ಆರಿ ಹತ್ತುತ್ತದೆ. ವೇಗದಲ್ಲಿ ತಿರುವು ತೆಗೆದುಕೊಂಡರೆ ಒಂದೆರಡು ಕ್ಷಣ ಕಾರು ರಿಮೋಟಿನ ಮಾತೇ ಕೇಳುವುದಿಲ್ಲ. ಮೊದಲು ರಿಮೋಟಿನ ಮೇಲೆ ಅನುಮಾನ, ಆಮೇಲೆ ಹೊಸ ಸರ್ವೋ ಮೇಲೆ. ಹೆಚ್ಚಿನ ಸಲ ಎರಡೂ ಸರಿಯಾಗಿಯೇ ಇರುತ್ತವೆ. ಬ್ಯಾಟರಿಯ ವೋಲ್ಟೇಜನ್ನು ಇಳಿಸಿ ರಿಸೀವರ್ ಮತ್ತು ಸರ್ವೋಗೆ ಕೊಡುವ ಬಿಇಸಿ ಎಂಬ ಪುಟ್ಟ ಸರ್ಕ್ಯೂಟ್ ಸುಸ್ತಾಗಿರುತ್ತದೆ. ಅದು ಇಎಸ್‌ಸಿಯ, ಅಂದರೆ ಮೋಟರ್ ವೇಗ ನಿಯಂತ್ರಿಸುವ ಪೆಟ್ಟಿಗೆಯ ಒಳಗೇ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಸರ್ವೋ ಒಳಗೆ ಇರುವುದು ಒಂದು ಡಿಸಿ ಮೋಟರ್, ಗೇರುಗಳ ಸಾಲು, ಶಾಫ್ಟ್ ಎಷ್ಟು ತಿರುಗಿದೆ ಎಂದು ಅಳೆಯುವ ಪೊಟೆನ್ಶಿಯೋಮೀಟರ್ ಮತ್ತು ಒಂದು ಸಣ್ಣ ಬೋರ್ಡ್. ಸಾಮಾನ್ಯ ರಿಸೀವರ್ ಸೆಕೆಂಡಿಗೆ 50 ಸಲ ಪಲ್ಸ್ ಕಳಿಸುತ್ತದೆ. ಪಲ್ಸಿನ ಅಗಲ 1.5 ಮಿಲಿಸೆಕೆಂಡ್ ಇದ್ದರೆ ಚಕ್ರ ನೇರ, 1ರತ್ತ ಇಳಿದರೆ ಒಂದು ಬದಿ, 2ರತ್ತ ಏರಿದರೆ ಇನ್ನೊಂದು ಬದಿ. ಬೋರ್ಡ್ ಈ ಅಗಲವನ್ನು ಪೊಟೆನ್ಶಿಯೋಮೀಟರ್‌ನ ಲೆಕ್ಕದೊಂದಿಗೆ ತಾಳೆ ನೋಡಿ, ಎರಡೂ ಹೊಂದುವವರೆಗೆ ಮೋಟರ್ ಓಡಿಸುತ್ತದೆ. ಅನಲಾಗ್ ಸರ್ವೋ ಮೋಟರನ್ನು ತಿದ್ದುವುದೂ ಸೆಕೆಂಡಿಗೆ 50 ಸಲವೇ. ಡಿಜಿಟಲ್ ಸರ್ವೋ 300ರ ಆಸುಪಾಸು ಅಥವಾ ಇನ್ನೂ ಹೆಚ್ಚು ಸಲ ತಿದ್ದುತ್ತದೆ. ಅದಕ್ಕೇ ಅದರ ಹಿಡಿತ ಬಿಗಿ, ನಿಂತಾಗಲೂ ಸಣ್ಣಗೆ ಗುಂಯ್‌ಗುಡುವ ಸದ್ದು, ಕರೆಂಟಿನ ಹಸಿವೂ ಹೆಚ್ಚು.

ಡಬ್ಬದ ಮೇಲೆ ‘11 ಕೆಜಿ’ ಎಂದಿದ್ದರೆ ಅದು 11 ಕೆಜಿ-ಸೆಂಮೀ ಎಂದು ಓದಿಕೊಳ್ಳಬೇಕು. ಶಾಫ್ಟಿನ ನಡುವಿನಿಂದ 1 ಸೆಂಮೀ ದೂರದಲ್ಲಿ 11 ಕೆಜಿ ಎಳೆಯಬಲ್ಲದು, 2 ಸೆಂಮೀ ದೂರದಲ್ಲಿ ಐದೂವರೆ ಮಾತ್ರ. ಶಾಫ್ಟಿನ ಮೇಲೆ ಕೂರಿಸುವ ತೋಳಾದ ಹಾರ್ನ್ ಉದ್ದವಾದಷ್ಟೂ ಚಕ್ರ ಹೆಚ್ಚು ತಿರುಗುತ್ತದೆ, ತಳ್ಳುವ ಬಲ ಕುಗ್ಗುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಹಿಡಿದು ಆನ್‌ಲೈನ್ ಅಂಗಡಿಗಳವರೆಗೆ ಎಲ್ಲೆಡೆ ಸಿಗುವ ಎಂಜಿ996ಆರ್ ಸರ್ವೋವನ್ನೇ ನೋಡಿ. ತೂಕ 55 ಗ್ರಾಂ, ಲೋಹದ ಗೇರು. 4.8 ವೋಲ್ಟ್‌ನಲ್ಲಿ 9.4 ಕೆಜಿ-ಸೆಂಮೀ, 6 ವೋಲ್ಟ್‌ನಲ್ಲಿ 11. ದೊಡ್ಡ ಅಕ್ಷರದಲ್ಲಿ ಅಚ್ಚಾಗುವುದು ಯಾವಾಗಲೂ ಎರಡನೆಯ ಅಂಕಿ. ನಿಮ್ಮ ಬಿಇಸಿ 5 ವೋಲ್ಟಿನದಾದರೆ ಆ ಅಂಕಿ ನಿಮ್ಮದಲ್ಲ.

ಇದೇ ಹೆಸರಿನಲ್ಲಿ ನಕಲಿಗಳೂ ಧಾರಾಳವಾಗಿ ಬರುತ್ತವೆ. ಪರೀಕ್ಷೆ ಸುಲಭ. ಸರ್ವೋವನ್ನು ಹಲಗೆಗೆ ಸ್ಕ್ರೂ ಮಾಡಿ, ಹಾರ್ನಿನಲ್ಲಿ ಸರಿಯಾಗಿ 2 ಸೆಂಮೀ ದೂರದ ತೂತಿಗೆ ದಾರ ಕಟ್ಟಿ, ದಾರದ ಇನ್ನೊಂದು ತುದಿಗೆ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ. ಹಾರ್ನ್ ಮತ್ತು ದಾರದ ನಡುವೆ 90 ಡಿಗ್ರಿ ಇರುವಂತೆ ಎಳೆಸಿ, ತಕ್ಕಡಿ ತೋರಿಸುವ ಕೆಜಿಯನ್ನು ಎರಡರಿಂದ ಗುಣಿಸಿ. ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಎಳೆಸಬೇಡಿ, ಮೋಟರ್ ಸುಡುತ್ತದೆ.

ಎಷ್ಟು ಬೇಕು? ನುಣುಪು ನೆಲದಲ್ಲಿ ಓಡುವ 1:10 ಟೂರಿಂಗ್ ಕಾರಿಗೆ 6ರಿಂದ 8 ಕೆಜಿ-ಸೆಂಮೀ ಸಾಕು. ಮಣ್ಣಿನ ಮೇಲಿನ ಬಗ್ಗಿಗೆ 8–10, ದೊಡ್ಡ ಚಕ್ರದ ಮಾನ್‌ಸ್ಟರ್ ಟ್ರಕ್ಕಿಗೆ 12–15. ಬಂಡೆ ಹತ್ತುವ ಕ್ರಾಲರ್ ಮಾತ್ರ ಬೇರೆಯೇ ಜಾತಿ. ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡ ಚಕ್ರವನ್ನು ನಿಂತಲ್ಲೇ ತಿರುಗಿಸಬೇಕಾದ್ದರಿಂದ ಅದಕ್ಕೆ 25 ದಾಟಿದರೂ ಅತಿಯಲ್ಲ, ವೇಗ ಮಾತ್ರ ಮುಖ್ಯವೇ ಅಲ್ಲ. ಓಟದ ಕಾರಿನಲ್ಲಿ ಇದು ತಿರುಗುಮುರುಗು. 60 ಡಿಗ್ರಿಗೆ 0.16 ಸೆಕೆಂಡ್ ತೆಗೆದುಕೊಳ್ಳುವ ಸರ್ವೋಗೆ ನೇರದಿಂದ 30 ಡಿಗ್ರಿ ತಿರುಗಲು 0.08 ಸೆಕೆಂಡ್ ಬೇಕು. ಗಂಟೆಗೆ 40 ಕಿಮೀ ವೇಗದಲ್ಲಿ ಅಷ್ಟರೊಳಗೆ ಕಾರು ಸುಮಾರು 90 ಸೆಂಮೀ ಮುಂದೆ ಹೋಗಿರುತ್ತದೆ, ಅಂದರೆ ತನ್ನ ಎರಡು ಉದ್ದ.

ಕೊಳ್ಳುವಾಗ ಶಾಫ್ಟಿನ ಹಲ್ಲು ಎಣಿಸಿ. ಫುಟಾಬಾ, ಸಾವಾಕ್ಸ್‌ಗಳದ್ದು 25, ಹೈಟೆಕ್‌ನ ಸಾಮಾನ್ಯ ಗಾತ್ರದ್ದು 24, ಸಾನ್ವಾ, ಕೆಓ ಕಡೆಯದ್ದು 23. ಹಲ್ಲು ಹೊಂದದ ಹಾರ್ನನ್ನು ಒತ್ತಿ ಕೂರಿಸಿದರೆ ಮೊದಲ ಗುದ್ದಿಗೇ ಸವೆಯುತ್ತದೆ. ಕಲ್ಲಿಗೆ ಬಡಿದ ಪೆಟ್ಟನ್ನು ಸ್ಪ್ರಿಂಗಿನಲ್ಲಿ ನುಂಗುವ ಸರ್ವೋ ಸೇವರನ್ನು ಕ್ರಾಲರ್ ಬಿಟ್ಟು ಬೇರಾವುದರಿಂದಲೂ ತೆಗೆಯಬೇಡಿ. ಲೋಹದ ಗೇರಿದ್ದರೆ ಸೇವರ್ ಬೇಡ ಎನ್ನುವ ವಾದ ಕೇಳಲು ಚೆಂದ, ಆದರೆ ಗೇರು ಮುರಿಯದಿದ್ದಾಗ ಪೆಟ್ಟು ಸರ್ವೋವನ್ನು ಸ್ಕ್ರೂ ಮಾಡುವ ಕಿವಿಗೋ ಚಾಸಿಗೋ ಹೋಗುತ್ತದೆ.

ಈಗ ಕರೆಂಟ್. ಓಡುವ ಮೋಟರ್ ತನ್ನೊಳಗೇ ಬ್ಯಾಟರಿಗೆ ಎದುರಾದ ವೋಲ್ಟೇಜ್ ಹುಟ್ಟಿಸುತ್ತದೆ, ಅದೇ ಬ್ಯಾಕ್ ಇಎಂಎಫ್. ಕರೆಂಟನ್ನು ತಡೆಹಿಡಿಯುವುದು ಅದೇ. ನಿಂತ ಮೋಟರಿನಲ್ಲಿ ಅದು ಸೊನ್ನೆ. ಹಾಗಾಗಿ ಪ್ರತಿಸಲ ಹೊರಡುವಾಗಲೂ ಸರ್ವೋ ಕ್ಷಣಕಾಲ ತನ್ನ ಸ್ಟಾಲ್ ಕರೆಂಟನ್ನೇ, ಅಂದರೆ ತಿರುಗಲಾಗದೆ ನಿಂತಾಗ ಎಳೆಯುವಷ್ಟು ಕರೆಂಟನ್ನೇ, ಎಳೆಯುತ್ತದೆ. ಎಂಜಿ996ಆರ್‌ಗೆ 6 ವೋಲ್ಟ್‌ನಲ್ಲಿ ಅದು 2.5 ಆಂಪಿಯರ್. ಎಡದಿಂದ ಬಲಕ್ಕೆ ತಟ್ಟನೆ ತಿರುಗಿಸಿದರೆ ಆಗಿನ್ನೂ ಓಡುತ್ತಿರುವ ಮೋಟರಿನ ಬ್ಯಾಕ್ ಇಎಂಎಫ್ ಈ ಬಾರಿ ವೋಲ್ಟೇಜಿನ ಜೊತೆ ಸೇರಿಕೊಂಡು ಕರೆಂಟ್ ಇನ್ನೂ ಮೇಲೆ ಹಾರುತ್ತದೆ. ಅಗ್ಗದ ಬ್ರಶ್ಡ್ ಇಎಸ್‌ಸಿಗಳ ಬಿಇಸಿ ಕೊಡುವುದು 1ರಿಂದ 3 ಆಂಪಿಯರ್. ಸಾಲದೆ ಹೋದಾಗ ವೋಲ್ಟೇಜ್ ಕುಸಿಯುತ್ತದೆ, ಮೂರೂವರೆ ವೋಲ್ಟಿನ ಆಸುಪಾಸಿಗೆ ಬಂದರೆ ರಿಸೀವರ್ ಕಣ್ಣುಮುಚ್ಚುತ್ತದೆ. ಇಲ್ಲಿ ಸಂಕೇತ ತಪ್ಪಿದಾಗ ಕಾರನ್ನು ನಿಲ್ಲಿಸುವ ಫೇಲ್‌ಸೇಫ್ ಕೂಡ ನೆರವಿಗೆ ಬರುವುದಿಲ್ಲ. ಫೇಲ್‌ಸೇಫ್ ಪಲ್ಸ್ ಕಳಿಸಬೇಕಾದದ್ದೂ ಅದೇ ರಿಸೀವರ್ ತಾನೆ.

ಬಿಇಸಿ ಎರಡು ಬಗೆ. ಲೀನಿಯರ್ ಬಿಇಸಿ ಹೆಚ್ಚಾದ ವೋಲ್ಟೇಜನ್ನು ಬಿಸಿಯಾಗಿ ಸುಟ್ಟುಹಾಕುತ್ತದೆ. ತುಂಬಿದ 3ಎಸ್ ಲಿಪೊ (ಮೂರು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ) 12.6 ವೋಲ್ಟ್, ಬೇಕಾದದ್ದು 5, ಕರೆಂಟ್ 2 ಆಂಪಿಯರ್ ಎಂದರೆ ವ್ಯರ್ಥವಾಗುವುದು 15 ವ್ಯಾಟ್. ಹೆಬ್ಬೆರಳ ಉಗುರಿನಷ್ಟು ಚಿಪ್ಪಿಗೆ ಇದು ಬೆಸುಗೆ ಕಡ್ಡಿಯ ಬಿಸಿ. ಅದೇ ಕೆಲಸ ತುಂಬಿದ 2ಎಸ್‌ನಲ್ಲಿ 7 ವ್ಯಾಟ್‌ಗೂ ತುಸು ಕಡಿಮೆಗೆ ಮುಗಿಯುತ್ತದೆ. ಆದರೆ 2ಎಸ್‌ಗೆ ಬೇರೆ ಕಾಟ: ಬ್ಯಾಟರಿ ಖಾಲಿಯಾಗುತ್ತ ಬಂದಾಗ ಥ್ರಾಟಲ್ ಒತ್ತಿದರೆ ಅದೇ 6 ವೋಲ್ಟಿಗೆ ಇಳಿದು, 6 ವೋಲ್ಟಿನ ಬಿಇಸಿಗೆ ಇಳಿಸಲು ಏನೂ ಉಳಿದಿರುವುದಿಲ್ಲ. ಓಟದ ಕೊನೆಗೆ ಮಾತ್ರ ಸ್ಟೀರಿಂಗ್ ತಡವರಿಸಿದರೆ ಕಾರಣ ಇದೇ ಇರಬಹುದು. ಸ್ವಿಚಿಂಗ್ ಬಿಇಸಿ ವೋಲ್ಟೇಜನ್ನು ತುಂಡುತುಂಡಾಗಿ ಕತ್ತರಿಸಿ ಇಳಿಸುವುದರಿಂದ ನಷ್ಟ ತೀರಾ ಕಡಿಮೆ. 3ಎಸ್ ಹಾಕುವವರು ಇನ್ನೊಂದರ ಕಡೆ ನೋಡಲೇಬಾರದು.

4,700 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ರಿಸೀವರ್‌ನ ಖಾಲಿ ಜಾಗಕ್ಕೆ ಚುಚ್ಚಿ ಎಂದು ಸಲಹೆ ಕೊಡುವವರಿದ್ದಾರೆ. ಲೆಕ್ಕ ಹಾಕಿ: 1 ಆಂಪಿಯರ್ ಕೊರತೆಯಿದ್ದರೆ ಅದರ ವೋಲ್ಟೇಜ್ 1 ವೋಲ್ಟ್ ಇಳಿಯಲು ಹಿಡಿಯುವುದು 4.7 ಮಿಲಿಸೆಕೆಂಡ್. ಮೋಟರ್ ಹೊರಡುವ ಕ್ಷಣದ ಜಗ್ಗಾಟಕ್ಕೆ ಸರಿ, ಬಂಡೆಗೆ ಒತ್ತಿ ನಿಂತ ಚಕ್ರಕ್ಕೆ ಅದರಿಂದ ಏನೂ ಉಪಯೋಗವಿಲ್ಲ.

ನಿಜವಾದ ಪರಿಹಾರ ಯುಬಿಇಸಿ, ಅಂದರೆ ಇಎಸ್‌ಸಿಯ ಹೊರಗೆ ಜೋಡಿಸುವ ಬೇರೆಯೇ ಬಿಇಸಿ: ಸರ್ವೋನ ಸ್ಟಾಲ್ ಕರೆಂಟಿಗಿಂತ ಕಾಲುಭಾಗವಾದರೂ ಹೆಚ್ಚಿನದು. ಅದರ ಒಳಬರುವ ತಂತಿಗಳನ್ನು ಬ್ಯಾಟರಿ ಪ್ಲಗ್ ಬಳಿ ಬೆಸೆದು, ಹೊರಹೋಗುವ ಪ್ಲಗ್ಗನ್ನು ರಿಸೀವರ್‌ಗೆ ಹಾಕಿ. ಎರಡು ಬಿಇಸಿ ಒಂದೇ ತಂತಿಗೆ ವೋಲ್ಟೇಜ್ ಕೊಟ್ಟರೆ ಪರಸ್ಪರ ಜಗಳವಾಡುತ್ತವೆ. ಆದ್ದರಿಂದ ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಪ್ಲಗ್‌ನ ನಡುವಿನ ಪ್ಲಾಸ್ಟಿಕ್ ನಾಲಗೆಯನ್ನು ಗುಂಡುಪಿನ್ನಿನಿಂದ ತುಸು ಎತ್ತಿ, ಕೆಂಪು ತಂತಿಯನ್ನಷ್ಟೇ ಹಿಂದಕ್ಕೆ ಎಳೆಯಿರಿ. ತುದಿಗೆ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಹಾಕಿ ಮಡಚಿ ಕಟ್ಟಿ, ಕತ್ತರಿಸುವುದು ಬೇಡ. ಕಪ್ಪು ಅಥವಾ ಕಂದು ತಂತಿ ಇರಲೇಬೇಕು, ಇಲ್ಲವಾದರೆ ಪಲ್ಸಿಗೆ ನೆಲೆಯೇ ಇಲ್ಲ. ಹೀಗೆ ಜೋಡಿಸಿದ ಮೇಲೆ ಇಎಸ್‌ಸಿ ಸ್ವಿಚ್ ಆರಿಸಿದರೂ ರಿಸೀವರ್ ಉರಿಯುತ್ತಲೇ ಇರುತ್ತದೆ. ಬ್ಯಾಟರಿ ಬಿಚ್ಚಲು ಮರೆತರೆ ಸೆಲ್ 3 ವೋಲ್ಟಿಗಿಂತ ಕೆಳಗಿಳಿದು ಲಿಪೊ ಹಾಳು. 8.4 ವೋಲ್ಟ್ ತಡೆಯುವ ಎಚ್‌ವಿ (ಹೈ ವೋಲ್ಟೇಜ್) ಸರ್ವೋವನ್ನು 2ಎಸ್‌ನಿಂದ ನೇರವಾಗಿಯೇ ಓಡಿಸಬಹುದು. 6 ವೋಲ್ಟಿನದ್ದನ್ನು ಹಾಗೆ ಮಾಡಿದರೆ ಸುಟ್ಟ ವಾಸನೆ ಬರುತ್ತದೆ.

ಇಎಸ್‌ಸಿ ಆಯ್ಕೆಯಲ್ಲಿ ಆಂಪಿಯರ್‌ಗಿಂತ ಮೊದಲು ಅದು ಹೇಳುವ ಮೋಟರ್ ಮಿತಿ ನೋಡಿ. ಇಎಸ್‌ಸಿಯೊಳಗೆ ಕರೆಂಟನ್ನು ಸ್ವಿಚ್ ಮಾಡುವ ಮಾಸ್ಫೆಟ್‌ಗಳ ಒಟ್ಟು ರೋಧ 3 ಮಿಲಿಓಮ್ ಇದ್ದರೆ 30 ಆಂಪಿಯರ್‌ನಲ್ಲಿ ಹುಟ್ಟುವ ಬಿಸಿ 2.7 ವ್ಯಾಟ್, 60ರಲ್ಲಿ 10.8. ಕರೆಂಟ್ ಇಮ್ಮಡಿಯಾದರೆ ಬಿಸಿ ನಾಲ್ಕು ಪಟ್ಟು. ಮೋಟರ್ ಶಾಫ್ಟಿನ ಪುಟ್ಟ ಗೇರಾದ ಪಿನಿಯನ್‌ಗೆ ಎರಡು ಹಲ್ಲು ಹೆಚ್ಚಿಸಿದ್ದಕ್ಕೇ ಇಎಸ್‌ಸಿ ನಡುದಾರಿಯಲ್ಲಿ ನಿಲ್ಲುವುದು ಇದರಿಂದಲೇ. ಬ್ಯಾಟರಿ ಕಡೆಯ ತಂತಿಯನ್ನು ಉದ್ದ ಮಾಡಬೇಡಿ. ಉದ್ದದ ತಂತಿಯ ಇಂಡಕ್ಟೆನ್ಸ್ ಪ್ರತಿ ಸ್ವಿಚಿಂಗಿಗೂ ವೋಲ್ಟೇಜ್ ಮೊನೆ ಎಬ್ಬಿಸಿ, ಬಾಗಿಲಲ್ಲೇ ಇರುವ ಕೆಪಾಸಿಟರನ್ನು ಮೊದಲು, ಮಾಸ್ಫೆಟ್ಟನ್ನು ಆಮೇಲೆ ಕೊಲ್ಲುತ್ತದೆ. ಕೆಪಾಸಿಟರ್ ತಲೆ ಉಬ್ಬಿದ್ದರೆ ಅದನ್ನು ಕೂಡಲೇ ಬದಲಿಸಿ, ಲೋ-ಇಎಸ್‌ಆರ್ (ಒಳರೋಧ ಕಡಿಮೆಯಿರುವ) ಬಗೆಯದೇ ಆಗಬೇಕು.

ಎಲ್ಲ ಜೋಡಿಸಿದ ಮೇಲೆ, ಹಾರ್ನ್ ಹಾಕುವ ಮೊದಲು ರಿಮೋಟ್ ಆನ್ ಮಾಡಿ ಸರ್ವೋ ನಡುವಿಗೆ ಬರಲಿ. ರಿಮೋಟಿನಲ್ಲಿ ನಡುವನ್ನು ತುಸು ಸರಿಸುವ ಟ್ರಿಮ್ ಸೊನ್ನೆಯಲ್ಲಿರಬೇಕು. ಆಗ ಹಾರ್ನ್ ಕೂರಿಸಿ, ಕಾರನ್ನು ಎತ್ತಿ ಹಿಡಿದು ಪೂರ್ತಿ ಎಡಕ್ಕೆ ತಿರುಗಿಸಿ ಕಿವಿಗೊಡಿ. ಚಕ್ರ ತಡೆಗೆ ತಾಗಿಯೂ ಸರ್ವೋ ಜೋರಾಗಿ ಗುಂಯ್‌ಗುಡುತ್ತಿದ್ದರೆ ಅದು ಸ್ಟಾಲ್ ಕರೆಂಟನ್ನು ಬಿಡದೆ ಎಳೆಯುತ್ತಿದೆ. ರಿಮೋಟಿನಲ್ಲಿ ಸರ್ವೋ ಎಷ್ಟು ತಿರುಗಬೇಕೆಂಬ ಮಿತಿಯನ್ನು, ಅಂದರೆ ಎಂಡ್ ಪಾಯಿಂಟನ್ನು, ಆ ಸದ್ದು ತಗ್ಗುವವರೆಗೆ ಒಂದೆರಡು ಶೇಕಡಾದಂತೆ ಇಳಿಸಿ. ಬಲಕ್ಕೂ ಹೀಗೇ, ಆದರೆ ಬೇರೆಯಾಗಿ, ಏಕೆಂದರೆ ಎರಡು ಬದಿಯ ಅಂಕಿ ಒಂದೇ ಇರುವುದು ಅಪರೂಪ.