ಕರ್ಸರ್ ಇದ್ದಕ್ಕಿದ್ದಂಗೆ ಬೇರೆ ಥರ ಆಡೋಕೆ ಶುರು ಮಾಡಿದ್ರೆ ಎಲ್ಲಿ ನೋಡ್ಬೇಕು: ಕಲಿಯೋರಿಗೆ ಟಿಪ್ಪಣಿ

ತುಮಕೂರಲ್ಲಿ ಕೋಡಿಂಗ್ ಕಲಿಯೋ ನಮ್ಮಂಥೋರಲ್ಲಿ ಸುಮಾರು ಜನ ಲ್ಯಾಬ್ ಸಿಸ್ಟಂ ಇಲ್ಲಾ ಬಿ.ಎಚ್. ರೋಡ್ ಕಡೆ ಕೋಚಿಂಗ್ ಸೆಂಟರ್ ಸಿಸ್ಟಂ ಮೇಲೇನೇ ಕೂರೋದು, ಗುಬ್ಬಿ ತಿಪಟೂರು ಕಡೆಯಿಂದ ಟ್ರೈನಲ್ಲಿ ಬಂದು ಹೋಗೋರಿಗಂತೂ ಸಿಗೋ ಟೈಮೇ ಕಮ್ಮಿ, ಅದರಲ್ಲಿ ಕರ್ಸರ್ (ಟೈಪ್ ಮಾಡಿದ್ದು ಎಲ್ಲಿ ಬೀಳುತ್ತೆ ಅಂತ ತೋರಿಸೋ ಮಿನುಗೋ ಗೆರೆ) ಹೇಳಿದ ಮಾತು ಕೇಳ್ದೆ ಹೋದ್ರೆ ಅರ್ಧ ಕ್ಲಾಸ್ ಅದಕ್ಕೇ ಹೋಗುತ್ತೆ. ಎಲ್ಲರೂ ಮಾಡೋದು ಒಂದೇ, ಎಡಿಟರ್ (ಕೋಡ್ ಬರೆಯೋ ಪ್ರೋಗ್ರಾಂ) ಕ್ಲೋಸ್ ಮಾಡಿ ಮತ್ತೆ ಓಪನ್ ಮಾಡೋದು, ಆಗ್ಲಿಲ್ಲ ಅಂದ್ರೆ ಸಿಸ್ಟಂ ರೀಸ್ಟಾರ್ಟ್. ಕೆಲವು ಸಲ ಸರಿನೂ ಹೋಗುತ್ತೆ, ಆದ್ರೆ ಯಾಕೆ ಹಂಗಾಯ್ತು ಅಂತ ಗೊತ್ತಾಗೋದೇ ಇಲ್ಲ. ಕರ್ಸರ್ ಸುಮ್ನೆ ಸುಮ್ನೆ ಕೆಡೋದು ತೀರಾ ಅಪರೂಪ, ಹೆಚ್ಚು ಕಮ್ಮಿ ಎಲ್ಲಾ ಸಲನೂ ಒಂದೋ ಎಡಿಟರ್ ಯಾವುದೋ ಮೋಡ್‌ಗೆ ಹೋಗಿರುತ್ತೆ, ಇಲ್ಲಾ ನೀವು ಒತ್ತಿದ ಕೀನ ಬೇರೆ ಯಾವುದೋ ಪ್ರೋಗ್ರಾಂ ಹಿಡ್ಕೊಂಡಿರುತ್ತೆ. ಇಲ್ಲಿ ನಾನು ವಿಎಸ್ ಕೋಡ್ ಅನ್ನೋ ಎಡಿಟರ್ ಇಟ್ಕೊಂಡು ಬರೀತೀನಿ, ವಿಂಡೋಸ್ ಕೀಗಳ ಲೆಕ್ಕದಲ್ಲಿ.

ಮೊದಲು ಇನ್ಸರ್ಟ್ ಕೀ. ಅಕ್ಷರದ ಮಧ್ಯೆ ಹೋಗಿ ಟೈಪ್ ಮಾಡಿದ್ರೆ ಮುಂದಿನ ಅಕ್ಷರಗಳು ಪಕ್ಕಕ್ಕೆ ಸರಿಯೋ ಬದಲು ಅಳಿಸಿ ಹೋಗ್ತಿದ್ರೆ ಅದು ಓವರ್‌ಟೈಪ್ ಮೋಡ್. ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ವಿಶುವಲ್ ಸ್ಟುಡಿಯೋ ಇವುಗಳಲ್ಲಿ ಇದು ಮೊದಲಿಂದ್ಲೂ ಇದೆ. ವಿಎಸ್ ಕೋಡ್‌ನಲ್ಲಿ ತುಂಬಾ ವರ್ಷ ಇರ್ಲೇ ಇಲ್ಲ, ಇನ್ಸರ್ಟ್ ಒತ್ತಿದ್ರೆ ಏನೂ ಆಗ್ತಿರ್ಲಿಲ್ಲ, 2025ರ ಶುರುವಲ್ಲಿ ಬಂದ ಅಪ್‌ಡೇಟ್‌ನಲ್ಲಿ ಸೇರಿಸಿದ್ರು. ಹಂಗಾಗಿ ಹಳೇ ವರ್ಷನ್‌ನಲ್ಲಿ ಕಲಿತೋರಿಗೆ ಅಪ್‌ಡೇಟ್ ಆದ ಮೇಲೆ ಇದು ಹೊಸ ತೊಂದರೆ ಥರ ಕಾಣುತ್ತೆ. ಗುರುತು ಸುಲಭ, ತೆಳ್ಳಗೆ ಗೆರೆ ಥರ ಮಿನುಗ್ತಿದ್ದ ಕರ್ಸರ್ ದಪ್ಪ ಬ್ಲಾಕ್ ಆಗಿರುತ್ತೆ, ಕೆಳಗಡೆ ಸ್ಟೇಟಸ್ ಬಾರ್‌ನಲ್ಲಿ ಓವಿಆರ್ ಅಂತ ಇರುತ್ತೆ. ಇನ್ನೊಂದು ಸಲ ಇನ್ಸರ್ಟ್ ಒತ್ತಿದ್ರೆ ಹೋಯ್ತು. ಲ್ಯಾಪ್‌ಟಾಪ್‌ಗಳಲ್ಲಿ ಇನ್ಸರ್ಟ್ ಎಷ್ಟೋ ಸಲ ಡಿಲೀಟ್ ಅಥವಾ ಪ್ರಿಂಟ್ ಸ್ಕ್ರೀನ್ ಜೊತೆ ಒಂದೇ ಬಟನ್‌ನಲ್ಲಿ ಇರೋದ್ರಿಂದ ಫಂಕ್ಷನ್ ಕೀ ಹಿಡಿದು ಒತ್ತಬೇಕಾಗಬಹುದು. ನಿಮಗೆ ಇದು ಬೇಡವೇ ಬೇಡ ಅಂದ್ರೆ ಕಂಟ್ರೋಲ್ ಕೆ, ಆಮೇಲೆ ಕಂಟ್ರೋಲ್ ಎಸ್ ಒತ್ತಿ ಕೀಬೋರ್ಡ್ ಶಾರ್ಟ್‌ಕಟ್ ಪಟ್ಟಿ ತೆಗೆದು, ಓವರ್‌ಟೈಪ್ ಅಂತ ಹುಡುಕಿ, ಆ ಬೈಂಡಿಂಗ್ (ಕೀಗೂ ಕಮಾಂಡ್‌ಗೂ ಇರೋ ಜೋಡಣೆ) ತೆಗೆದುಬಿಡಿ.

"ನಾನು ಇನ್ಸರ್ಟ್ ಮುಟ್ಟೇ ಇಲ್ಲ" ಅನ್ನೋರು ಸುಳ್ಳು ಹೇಳ್ತಿಲ್ಲ. ನಮ್ ಲಾಕ್ (Num Lock) ಕೀ ಆಫ್ ಆಗಿದ್ರೆ ಬಲಗಡೆಯ ನಂಬರ್ ಪ್ಯಾಡ್‌ನಲ್ಲಿ 0 ಅಂದ್ರೆ ಇನ್ಸರ್ಟ್, 7 ಹೋಮ್, 1 ಎಂಡ್, 2 ಕೆಳಗಿನ ಬಾಣ, ಡಾಟ್ ಡಿಲೀಟ್. ಈಗ ತುಮಕೂರು ಪಿನ್‌ಕೋಡ್ 572101 ಅಂತ ಆ ಪ್ಯಾಡ್‌ನಲ್ಲಿ ಟೈಪ್ ಮಾಡಿದ್ರಿ ಅಂದ್ಕೊಳ್ಳಿ. 5 ಏನೂ ಮಾಡಲ್ಲ, 7ಕ್ಕೆ ಕರ್ಸರ್ ಸಾಲಿನ ಶುರುಗೆ ಹೋಯ್ತು, 2ಕ್ಕೆ ಕೆಳಗಿನ ಸಾಲಿಗೆ ಇಳೀತು, 1ಕ್ಕೆ ಆ ಸಾಲಿನ ಕೊನೆಗೆ ಓಡ್ತು, 0ಗೆ ಓವರ್‌ಟೈಪ್ ಆನ್ ಆಯ್ತು, ಕೊನೇ 1ಕ್ಕೆ ಎಂಡ್‌ನಲ್ಲೇ ನಿಂತಿತು. ಒಂದು ಅಂಕಿನೂ ಬೀಳ್ಲಿಲ್ಲ, ಕರ್ಸರ್ ಇನ್ನೆಲ್ಲೋ ಇದೆ. ನೀವು ನಮ್ ಲಾಕ್ ನೋಡಿ ಆನ್ ಮಾಡ್ಕೊಂಡು ಪಿನ್‌ಕೋಡ್ ಸರಿಯಾಗಿ ಹೊಡೆದು ಮುಂದೆ ಹೋಗ್ತೀರ, ಆದ್ರೆ ಓವರ್‌ಟೈಪ್ ಹಂಗೇ ಆನ್ ಆಗಿ ಉಳ್ಕೊಂಡಿರುತ್ತೆ. ಸಾಲಿನ ಕೊನೇಲಿ ಟೈಪ್ ಮಾಡ್ತಿರೋವಷ್ಟು ಹೊತ್ತು ಗೊತ್ತಾಗಲ್ಲ, ಯಾಕಂದ್ರೆ ಅಳಿಸೋಕೆ ಮುಂದೆ ಏನೂ ಇರಲ್ಲ, ಹತ್ತು ನಿಮಿಷ ಬಿಟ್ಟು ಹಳೇ ಸಾಲಿನ ಮಧ್ಯೆ ಏನೋ ತಿದ್ದೋಕೆ ಹೋದಾಗ ಕೋಡ್ ತಿನ್ನೋಕೆ ಶುರು ಮಾಡುತ್ತೆ. ಕಾರಣ ಒಂದು ಕಡೆ, ಕಾಣೋದು ಇನ್ನೊಂದು ಕಡೆ. ಇದನ್ನ ಒಂದ್ಸಲ ಬೇಕಂತಲೇ ಮಾಡಿ ನೋಡಿ, ಮನಸ್ಸಲ್ಲಿ ಚೆನ್ನಾಗಿ ಕೂರುತ್ತೆ.

ಕರ್ಸರ್ ಬ್ಲಾಕ್ ಆಗಿದೆ ಆದ್ರೆ ಅಕ್ಷರ ಒತ್ತಿದ್ರೆ ಬರೆಯೋ ಬದಲು ಎಲ್ಲೆಲ್ಲೋ ನೆಗೀತಿದೆ ಅಂದ್ರೆ ಅದು ಓವರ್‌ಟೈಪ್ ಅಲ್ಲ, ನಿಮಗಿಂತ ಮುಂಚೆ ಕೂತಿದ್ದೋರು ವಿಮ್ ಅನ್ನೋ ಹಳೇ ಎಡಿಟರ್ ಥರ ಕೀಗಳನ್ನ ಬದಲಾಯಿಸೋ, ಎಡಿಟರ್‌ಗೆ ಹೊರಗಿಂದ ಸೇರಿಸೋ ಎಕ್ಸ್‌ಟೆನ್ಷನ್ ಹಾಕಿರ್ತಾರೆ. ಅದರ ನಾರ್ಮಲ್ ಮೋಡ್‌ನಲ್ಲಿ ಎಚ್, ಜೆ, ಕೆ, ಎಲ್ ಅಂದ್ರೆ ಎಡ, ಕೆಳಗೆ, ಮೇಲೆ, ಬಲ. ಬಿಲ್ ಜಾಯ್ ಅನ್ನೋ ಪ್ರೋಗ್ರಾಮರ್ 1976ರ ಹೊತ್ತಿಗೆ ವಿಮ್‌ಗೆ ಮೂಲವಾದ ವಿಐ ಎಡಿಟರ್ ಬರೆಯೋಕೆ ಶುರು ಮಾಡಿದಾಗ ಅವರ ಹತ್ರ ಇದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಆ ನಾಲ್ಕು ಅಕ್ಷರದ ಕೀಗಳ ಮೇಲೇ ಇದ್ವು, ಅದೇ ಇವತ್ತಿನವರೆಗೂ ಬಂದಿದೆ. ಐ ಒತ್ತಿದ್ರೆ ಬರೆಯೋ ಮೋಡ್, ಎಸ್ಕೇಪ್ ಒತ್ತಿದ್ರೆ ವಾಪಸ್. ಬೇಡ ಅಂದ್ರೆ ಎಕ್ಸ್‌ಟೆನ್ಷನ್ ಡಿಸೇಬಲ್ ಮಾಡಿ, ಕಿತ್ತು ಹಾಕ್ಬೇಡಿ, ಆ ಸಿಸ್ಟಂ ಇನ್ನೊಬ್ಬರದ್ದೂ ಹೌದು.

ಹೋಮ್ ಕೀ ಮೊದಲು ಸಾಲಿನ ಮೊದಲ ಅಕ್ಷರಕ್ಕೆ ಹೋಗುತ್ತೆ, ಇನ್ನೊಂದು ಸಲ ಒತ್ತಿದ್ರೆ ಮಾತ್ರ ಖಾಲಿ ಜಾಗ ದಾಟಿ ಎಡತುದಿಗೆ. ಅದು ತೊಂದರೆ ಅಲ್ಲ, ಇರೋದೇ ಹಂಗೆ. ಆಲ್ಟ್ ಝಡ್ ತಗುಲಿ ವರ್ಡ್ ರ‍್ಯಾಪ್ (ಉದ್ದ ಸಾಲನ್ನ ಸ್ಕ್ರೀನ್ ಅಗಲಕ್ಕೆ ಮಡಚಿ ತೋರಿಸೋದು) ಆನ್ ಆಗಿದ್ರೆ ಕೆಳಗಿನ ಬಾಣ ಕಣ್ಣಿಗೆ ಕಾಣೋ ಮಡಚಿದ ಸಾಲಿನ ಲೆಕ್ಕದಲ್ಲಿ ಇಳಿಯುತ್ತೆ, ಸಾಲಿನ ನಂಬರ್ ಮಾತ್ರ ಬದಲಾಗಿರಲ್ಲ.

ಮೇಲೆ ಕೆಳಗೆ ಹೋಗೋದ್ರಲ್ಲಿ ಇನ್ನೊಂದು ಇದೆ. ಜಿಲ್ಲೆಯ ಹತ್ತು ತಾಲೂಕಿನ ಹೆಸರು ಸಾಲಿಗೊಂದು ಬರೀರಿ, ಅದರಲ್ಲಿ ಚಿಕ್ಕನಾಯಕನಹಳ್ಳಿ, ಶಿರಾ, ತುರುವೇಕೆರೆ ಒಂದರ ಕೆಳಗೊಂದು ಬರಲಿ. ಚಿಕ್ಕನಾ ಆದ ಮೇಲೆ ಕರ್ಸರ್ ಇಟ್ಟು ಕೆಳಗೆ ಒತ್ತಿ, ಶಿರಾ ಚಿಕ್ಕದಾದ್ರಿಂದ ಅದರ ಕೊನೆಗೆ ಬಂದು ನಿಲ್ಲುತ್ತೆ, ಇನ್ನೊಂದು ಸಲ ಒತ್ತಿದ್ರೆ ತುರುವೇಕೆ ಆದ ಮೇಲೆ ಹೋಗಿ ನಿಲ್ಲುತ್ತೆ. ಅಂದ್ರೆ ಮೊದಲು ಇದ್ದ ಕಾಲಂನ ಎಡಿಟರ್ ಮರೆತಿಲ್ಲ. ಎಡ ಬಲ ಬಾಣ ಒತ್ತಿದ್ರೆ, ಎಲ್ಲಾದ್ರೂ ಕ್ಲಿಕ್ ಮಾಡಿದ್ರೆ ಆ ನೆನಪು ಹೋಗಿ ಹೊಸದು ಶುರು.

ಅದೇ ಹತ್ತು ಸಾಲಿಗೆ ಕೋಟ್ ಹಾಕ್ಬೇಕು ಅಂದ್ರೆ ಮೊದಲನೇ ಸಾಲಲ್ಲಿ ನಿಂತು ಕಂಟ್ರೋಲ್ ಆಲ್ಟ್ ಕೆಳಗಿನ ಬಾಣ ಒಂಬತ್ತು ಸಲ ಒತ್ತಿದ್ರೆ ಹತ್ತು ಕರ್ಸರ್ ಆಗುತ್ತೆ, ಹೋಮ್, ಆಮೇಲೆ ಶಿಫ್ಟ್ ಎಂಡ್, ಆಮೇಲೆ ಕೋಟ್ ಒತ್ತಿ, ಹತ್ತೂ ಹೆಸರು ಕೋಟ್ ಒಳಗೆ. ನಿಜಕ್ಕೂ ಎಷ್ಟು ಚಂದ ಅಂದ್ರೆ ಇದೊಂದನ್ನ ಎಲ್ಲರೂ ಕಲೀಲೇಬೇಕು. ಮುಗಿದ ಮೇಲೆ ಎಸ್ಕೇಪ್ ಒತ್ತದೇ ಇದ್ರೆ ಮುಂದೆ ಟೈಪ್ ಮಾಡಿದ್ದೆಲ್ಲಾ ಹತ್ತು ಕಡೆ ಬೀಳುತ್ತೆ. ಆಲ್ಟ್ ಹಿಡಿದು ಕ್ಲಿಕ್ ಮಾಡಿದ್ರೂ ಹೊಸ ಕರ್ಸರ್ ಹುಟ್ಟುತ್ತೆ, ಯಾರಾದ್ರೂ ಸೆಲೆಕ್ಷನ್ ಮೆನುನಲ್ಲಿ ಅದನ್ನ ಕಂಟ್ರೋಲ್ ಕ್ಲಿಕ್‌ಗೆ ಬದಲಾಯಿಸಿದ್ರೆ ಡೆಫಿನಿಷನ್‌ಗೆ (ಒಂದು ಹೆಸರನ್ನ ಮೊದಲು ಬರೆದಿರೋ ಜಾಗಕ್ಕೆ) ಹೋಗೋಕೆ ಅಂತ ಕ್ಲಿಕ್ ಮಾಡಿದಾಗೆಲ್ಲ ಕರ್ಸರ್ ಜಾಸ್ತಿ ಆಗ್ತಾ ಹೋಗುತ್ತೆ. ತಪ್ಪಾಗಿ ಹಾಕಿದ ಕರ್ಸರ್ ವಾಪಸ್ ತಗೊಳ್ಳೋಕೆ ಕಂಟ್ರೋಲ್ ಯು. ಅದೇ ಮೆನುನಲ್ಲಿ ಕಾಲಂ ಸೆಲೆಕ್ಷನ್ ಮೋಡ್ ಅಂತಾನೂ ಇದೆ, ಆನ್ ಆಗಿದ್ರೆ ಡ್ರ್ಯಾಗ್ ಮಾಡಿದಾಗ ಚೌಕಾಕಾರದಲ್ಲಿ ಸೆಲೆಕ್ಟ್ ಆಗುತ್ತೆ. ಲ್ಯಾಬ್‌ನಲ್ಲಿ ಹಳೇ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಇರೋ ಸಿಸ್ಟಂ ಆದ್ರೆ ಕಂಟ್ರೋಲ್ ಆಲ್ಟ್ ಬಾಣ ಒತ್ತಿದ್ರೆ ಪೂರ್ತಿ ಸ್ಕ್ರೀನೇ ತಲೆಕೆಳಗಾಗಬಹುದು, ಗಾಬರಿ ಬೇಡ, ಮೇಲಿನ ಬಾಣದ ಜೊತೆ ಅದೇ ಒತ್ತಿದ್ರೆ ನೆಟ್ಟಗಾಗುತ್ತೆ. ಕೀನ ಎಡಿಟರ್‌ಗಿಂತ ಮುಂಚೆ ಬೇರೆಯೋರು ಹಿಡ್ಕೊಳ್ಳೋದು ಅಂದ್ರೆ ಇದೇ.

ಟ್ಯಾಬ್ ಒತ್ತಿದ್ರೆ ಇಂಡೆಂಟ್ ಆಗ್ದೆ ಕರ್ಸರ್ ಎಡಿಟರ್ ಬಿಟ್ಟು ಹೊರಗೆ ಹೋಗ್ತಿದ್ರೆ ಕಂಟ್ರೋಲ್ ಎಂ ತಗುಲಿರುತ್ತೆ. ಮೌಸ್ ಬಳಸದೇ ಕೀಬೋರ್ಡ್‌ನಲ್ಲೇ ಓಡಾಡೋರಿಗೆ ಅಂತ ಇಟ್ಟಿರೋ ಮೋಡ್ ಅದು, ಮತ್ತೆ ಒತ್ತಿದ್ರೆ ಸರಿ.

ಈಗ ನನಗೆ ತುಂಬಾ ಮುಖ್ಯ ಅನ್ಸೋ ವಿಷಯ, ಕನ್ನಡ. ಕಾಮೆಂಟಲ್ಲಿ ಸ್ಟ್ರಿಂಗಲ್ಲಿ ಕನ್ನಡ ಬರೆದ್ರೆ ಕರ್ಸರ್ ಹುಚ್ಚುಚ್ಚಾಗಿ ಆಡುತ್ತೆ ಅಂತ ಎಷ್ಟೋ ಜನ ಕನ್ನಡ ಬರೆಯೋದನ್ನೇ ಬಿಟ್ಟಿದಾರೆ, ಅದು ಬೇಜಾರಿನ ಮಾತು, ಯಾಕಂದ್ರೆ ಅದಕ್ಕೂ ಲೆಕ್ಕ ಇದೆ. ಚಿಕ್ಕನಾಯಕನಹಳ್ಳಿ ನಮ್ಮ ಕಣ್ಣಿಗೆ 8 ಅಕ್ಷರ: ಚಿ, ಕ್ಕ, ನಾ, ಯ, ಕ, ನ, ಹ, ಳ್ಳಿ. ಯೂನಿಕೋಡ್‌ನಲ್ಲಿ (ಎಲ್ಲಾ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡೋ ಪದ್ಧತಿ) ಅದು 15 ಕೋಡ್ ಪಾಯಿಂಟ್, ಅಂದ್ರೆ 15 ನಂಬರ್, ಯಾಕಂದ್ರೆ ಕಾಗುಣಿತದ ಚಿಹ್ನೆನೂ ಬೇರೆ, ಒತ್ತು ಕೊಡೋ ಹಲಂತದ (್) ಚಿಹ್ನೆನೂ ಬೇರೆ. ಬಾಣದ ಕೀ ಈ 8ನ್ನೂ ನೋಡಲ್ಲ, 15ನ್ನೂ ನೋಡಲ್ಲ, ಅದು ಗ್ರಾಫೀಮ್ ಕ್ಲಸ್ಟರ್ (ಒಂದೇ ಘಟಕ ಅಂತ ಎಣಿಸೋ ಕೋಡ್ ಪಾಯಿಂಟ್ ಗುಂಪು) ಅನ್ನೋ ನಿಯಮದ ಪ್ರಕಾರ 10 ಹೆಜ್ಜೆ ಹಾಕುತ್ತೆ. ಕ್ಕ ದಾಟೋಕೆ ಎರಡು ಹೆಜ್ಜೆ, ಮೊದಲು ಕ್, ಆಮೇಲೆ ಕ. ಳ್ಳಿಗೂ ಎರಡು. ಅದಕ್ಕೇ ಕರ್ಸರ್ ಒತ್ತಕ್ಷರದ ಮೇಲೆ ಒಂದು ಕ್ಷಣ ಸಿಕ್ಕಾಕ್ಕೊಂಡಂಗೆ ಕಾಣೋದು. ಬ್ಯಾಕ್‌ಸ್ಪೇಸ್ ಬೇರೆ ಲೆಕ್ಕ, ಅದು ಕೊನೆಯಿಂದ ಒಂದೊಂದೇ ಕೋಡ್ ಪಾಯಿಂಟ್ ತೆಗೆಯುತ್ತೆ, ಕೊನೇ ಳ್ಳಿಯಲ್ಲಿ ಮೊದಲ ಸಲ ಗುಡಿಸು ಹೋಗಿ ಳ್ಳ ಉಳಿಯುತ್ತೆ, ಎರಡನೇ ಸಲಕ್ಕೆ ಒತ್ತು ಹೋಗಿ ಳ್ ಆಗುತ್ತೆ. ಡಿಲೀಟ್ ಕೀ ಮಾತ್ರ ಮುಂದಿರೋ ಕ್ಲಸ್ಟರ್ ಪೂರ್ತಿ ತೆಗೆಯುತ್ತೆ. ಬಾಣ, ಬ್ಯಾಕ್‌ಸ್ಪೇಸ್, ಡಿಲೀಟ್ ಮೂರೂ ಒಂದೇ ಅಳತೆ ಇಟ್ಕೊಂಡಿಲ್ಲ ಅಂತ ತಿಳ್ಕೊಂಡ್ರೆ ಅರ್ಧ ಗೊಂದಲ ಹೋಯ್ತು.

2023ರಲ್ಲಿ ಬಂದ ಯೂನಿಕೋಡ್ 15.1ರಲ್ಲಿ ಒತ್ತಕ್ಷರನ ಒಂದೇ ಘಟಕ ಅಂತ ನೋಡೋ ನಿಯಮ ಸೇರಿಸಿದ್ರು, ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯ ಆಯ್ತು, ಆ ಪಟ್ಟಿಯಲ್ಲಿ ಕನ್ನಡ ಇರ್ಲಿಲ್ಲ. ಪಕ್ಕದ ತೆಲುಗಿಗೆ ಇದ್ದು ನಮಗೆ ಇಲ್ಲ ಅಂದಾಗ ನಂಗೆ ನಿಜವಾಗ್ಲೂ ಸಂಕಟ ಆಯ್ತು, ಕಂಪ್ಯೂಟರ್ ಸೈನ್ಸ್ ಓದೋ ನಮ್ಮ ಹುಡುಗ್ರು ಹುಡುಗೀರು ಇಂಥದ್ದನ್ನ ಓದಿ ಅರ್ಥ ಮಾಡ್ಕೊಂಡು ಕೇಳೋ ಹಂಗೆ ಆಗ್ಬೇಕು.

ಇದ್ಯಾವುದೂ ಅಲ್ಲ ಅಂದ್ರೆ, ಕಂಟ್ರೋಲ್ ಶಿಫ್ಟ್ ಪಿ ಒತ್ತಿ ಕಮಾಂಡ್ ಪ್ಯಾಲೆಟ್ ತೆಗೆದು ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್ ಅನ್ನೋದನ್ನ ಆನ್ ಮಾಡಿ, ಆಮೇಲೆ ಕೈ ಕೊಡ್ತಿರೋ ಕೀನ ಒಂದೇ ಒಂದು ಸಲ ಒತ್ತಿ. ಕೆಳಗಡೆ ಔಟ್‌ಪುಟ್‌ನಲ್ಲಿ ಆ ಕೀಗೆ ಯಾವ ಕಮಾಂಡ್ ಓಡ್ತು, ಅದು ಎಡಿಟರ್‌ದಾ ಎಕ್ಸ್‌ಟೆನ್ಷನ್‌ದಾ ಅಂತ ಬರುತ್ತೆ. ಏನೂ ಬರ್ಲೇ ಇಲ್ಲ ಅಂದ್ರೆ ಕೀ ಎಡಿಟರ್‌ವರೆಗೂ ತಲುಪಿಲ್ಲ, ಆಗ ಹುಡುಕ್ಬೇಕಾಗಿರೋದು ವಿಂಡೋಸ್‌ನಲ್ಲಿ, ಡ್ರೈವರ್‌ನಲ್ಲಿ, ಇಲ್ಲಾ ಕೀಬೋರ್ಡ್‌ನಲ್ಲೇ.