ಲಾರಿಯ ಮ್ಯಾನಿಫೋಲ್ಡ್ ಸೋರಿದರೆ ನಟ್ಟು ಬಿಗಿದರೆ ಸಾಲದು

ಬೆಳಿಗ್ಗೆ ಲಾರಿ ಸ್ಟಾರ್ಟ್ ಮಾಡಿದಾಗ ‘ಟಿಕ್ ಟಿಕ್’ ಎನ್ನುವ ಸದ್ದು. ಎಂಜಿನ್ ಬಿಸಿಯಾದ ಮೇಲೆ ಅದು ಮಾಯ. ಇದನ್ನು ಟ್ಯಾಪೆಟ್ (ವಾಲ್ವನ್ನು ಒತ್ತುವ ಭಾಗ) ಸದ್ದೆಂದು ತಿಳಿದು ವಾಲ್ವ್ ಕವರ್ ಬಿಚ್ಚುವವರೇ ಹೆಚ್ಚು. ಅದಕ್ಕೂ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆಯನ್ನು ಒಟ್ಟುಗೂಡಿಸಿ ಹೊರಗೆ ಸಾಗಿಸುವ ಕೊಳವೆ) ಸಿಲಿಂಡರ್ ಹೆಡ್ಡಿಗೆ, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳಕ್ಕೆ, ಕೂರುವ ಅಂಚನ್ನು ಟಾರ್ಚ್ ಹಾಕಿ ನೋಡಿ. ಸೋರದಂತೆ ಇವೆರಡರ ನಡುವೆ ಕೂರಿಸಿದ ಗ್ಯಾಸ್ಕೆಟ್ ಬದಿಯಿಂದ ಬೀಸಣಿಗೆಯಂತೆ ಹರಡಿದ ಕಪ್ಪು ಮಸಿ ಕಂಡರೆ ಸೋರಿಕೆ ಅಲ್ಲೇ ಇದೆ.

ಸದ್ದು ಮಾಯವಾಗುವುದು ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ. ಸೋರಿಕೆ ಶುರುವಾಗುವುದೂ ಇದೇ ಹಿಗ್ಗುವಿಕೆಯಿಂದ. ಮ್ಯಾನಿಫೋಲ್ಡ್ ಮಾಡುವುದು ಬೀಡು ಕಬ್ಬಿಣದಲ್ಲಿ. ಒಂದು ಮೀಟರ್ ಉದ್ದದ ಬೀಡು, ಒಂದು ಡಿಗ್ರಿ ಬಿಸಿಗೆ ಸುಮಾರು 0.011 ಮಿ.ಮೀ. ಹಿಗ್ಗುತ್ತದೆ. ಲೋಡ್ ಹೊತ್ತು ಶಿರಾಡಿ ಘಾಟಿ ಹತ್ತುವ ಲಾರಿಯಲ್ಲಿ ಮ್ಯಾನಿಫೋಲ್ಡಿನ ಬಿಸಿ 500 ಡಿಗ್ರಿ ಏರಿತೆನ್ನಿ, 90 ಸೆಂ.ಮೀ. ಉದ್ದದ ತುಂಡು ಸುಮಾರು 5 ಮಿ.ಮೀ. ಉದ್ದವಾಗುತ್ತದೆ. ನೀರಿನಿಂದ ತಂಪಾಗುವ ಹೆಡ್ ಹಿಗ್ಗುವುದು ಒಂದು ಮಿ.ಮೀ.ಗೂ ಕಡಿಮೆ. ಒಂದು ಎಳೆಯುತ್ತದೆ, ಇನ್ನೊಂದು ಬಿಡುವುದಿಲ್ಲ. ನಡುವೆ ಸಿಕ್ಕ ಸ್ಟಡ್ಡುಗಳು (ಹೆಡ್ಡಿಗೆ ತಿರುಗಿಸಿ ಕೂರಿಸಿದ, ನಟ್ಟು ಹಾಕುವ ಕಡ್ಡಿಗಳು) ಪ್ರತಿ ಟ್ರಿಪ್ಪಿನಲ್ಲೂ ಅತ್ತಿತ್ತ ಬಾಗಿ ಕೊನೆಗೆ ತುಂಡಾಗುತ್ತವೆ. ಎರಡು ತುದಿಯ ಸ್ಟಡ್ಡುಗಳೇ ಸಾಮಾನ್ಯವಾಗಿ ಮೊದಲು ಮುರಿಯುವುದು ಇದಕ್ಕೇ.

ಹೀಗಾಗಿ ಮ್ಯಾನಿಫೋಲ್ಡಿಗೆ ಜಾರಲು ಜಾಗ ಬೇಕು. ಅದರ ತೂತುಗಳನ್ನು ಸ್ಟಡ್ಡಿಗಿಂತ ದೊಡ್ಡದಾಗಿ ಕೊರೆದಿರುತ್ತಾರೆ; ದೊಡ್ಡ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡನ್ನೇ ಎರಡು ಮೂರು ತುಂಡು ಮಾಡಿ, ಒಂದರೊಳಗೊಂದು ಜಾರುವಂತೆ ಉಕ್ಕಿನ ರಿಂಗು ಹಾಕಿ ಜೋಡಿಸಿರುತ್ತಾರೆ. ಈ ಜಾರುವ ಕೀಲು ತುಕ್ಕು, ಮಸಿಯಿಂದ ಕಚ್ಚಿಕೊಂಡಿದ್ದರೆ ಎಷ್ಟು ಹೊಸ ಗ್ಯಾಸ್ಕೆಟ್ ಹಾಕಿದರೂ ಮತ್ತೆ ಸೋರುತ್ತದೆ. ರಿಪೇರಿಯಲ್ಲಿ ಬಹಳ ಜನ ಬಿಟ್ಟುಬಿಡುವ ಕೆಲಸ ಇದೇ: ಬಿಚ್ಚಿದ ಮೇಲೆ ಕೀಲು ಕೈಯಲ್ಲಿ ಅಲುಗಾಡುತ್ತದೆಯೇ ಎಂದು ನೋಡಲೇಬೇಕು.

ಬಿಚ್ಚುವ ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬರದ ನಟ್ಟನ್ನು ಬಲವಂತವಾಗಿ ತಿರುಗಿಸಬೇಡಿ. ಗ್ಯಾಸ್ ಕಟರ್‌ನಿಂದ ಕೆಂಪಗೆ ಕಾಯಿಸಿ, ಆಮೇಲೆ ಹಿಂದೆ ಮುಂದೆ ಆಡಿಸುತ್ತ ತೆಗೆಯಿರಿ. ಕಾಯಿಸುವ ಮುನ್ನ ಹತ್ತಿರದ ಡೀಸೆಲ್ ಪೈಪು, ವೈರುಗಳನ್ನು ಸರಿಸಿಕೊಳ್ಳಿ. ಮುರಿದ ಸ್ಟಡ್ಡಿನ ತುದಿ ಹೊರಗಿದ್ದರೆ ಅದರ ಮೇಲೊಂದು ನಟ್ಟನ್ನು ವೆಲ್ಡ್ ಮಾಡಿ ತಿರುಗಿಸಬಹುದು. ವೆಲ್ಡಿಂಗಿನ ಬಿಸಿಯೇ ಕಚ್ಚಿದ ಥ್ರೆಡ್ಡನ್ನು ಸಡಿಲಿಸುತ್ತದೆ. ಹೆಡ್ಡಿನೊಳಗೇ ಮುರಿದಿದ್ದರೆ ಸರಿಯಾಗಿ ನಡುಮಧ್ಯೆ ಪಂಚ್ ಹೊಡೆದು ಸಣ್ಣ ಡ್ರಿಲ್ ಬಿಟ್ಟಿನಿಂದ ಕೊರೆಯಲು ಶುರುಮಾಡಬೇಕು. ಬಿಟ್ಟು ಓರೆಯಾದರೆ ಹೆಡ್ಡೇ ಹಾಳು. ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ಬಾಯಿಗೆ ಬಟ್ಟೆ ತುರುಕಿಡುವುದನ್ನು ಮರೆಯಬೇಡಿ. ಒಳಗೆ ಬಿದ್ದ ಒಂದು ಲೋಹದ ಚೂರು ಸಾಕು, ಟರ್ಬೈನ್ ರೆಕ್ಕೆ ಮುರಿಯಲು.

ಹಳೆಯ ಗ್ಯಾಸ್ಕೆಟ್ಟಿನ ಚೂರನ್ನೆಲ್ಲ ಕೆರೆದು, ಮ್ಯಾನಿಫೋಲ್ಡಿನ ಮುಖಕ್ಕೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಿ. ಮ್ಯಾನುಯಲ್ ಹೇಳಿದ ಮಿತಿಗಿಂತ ಹೆಚ್ಚು ಸೊಟ್ಟಗಿದ್ದರೆ ಮಷಿನ್ ಶಾಪಿನಲ್ಲಿ ಗ್ರೈಂಡ್ ಮಾಡಿಸಬೇಕು, ಸೀಳಿದ್ದರೆ ವೆಲ್ಡ್ ಮಾಡಿಸದೆ ಹೊಸದು ಹಾಕಬೇಕು. ಬೀಡಿನಲ್ಲಿ ಇಂಗಾಲ ಜಾಸ್ತಿ, ವೆಲ್ಡ್ ಮಾಡಿದ ಪಕ್ಕದಲ್ಲೇ ಅದು ಗಾಜಿನಂತೆ ಪೆಡಸಾಗಿ ಮತ್ತೆ ಸೀಳುತ್ತದೆ. ಸಿಲಿಕಾನ್ ಪೇಸ್ಟ್ ಮೆತ್ತುವುದಂತೂ ಬೇಡವೇ ಬೇಡ, ಇಲ್ಲಿನ ಬಿಸಿಗೆ ಅದು ಸುಟ್ಟುಹೋಗುತ್ತದೆ.

ಸ್ಟಡ್ಡು, ನಟ್ಟು, ಗ್ಯಾಸ್ಕೆಟ್ ಮೂರೂ ಹೊಸದಿರಲಿ. ನಟ್ಟಿನಡಿ ಕಂಪನಿ ಉದ್ದನೆಯ ಸ್ಪೇಸರ್ (ಕೊಳವೆಯಂಥ ತುಂಡು) ಕೊಟ್ಟಿದ್ದರೆ ಅದನ್ನು ಬಿಸಾಡಿ ಗಿಡ್ಡ ಬೋಲ್ಟ್ ಹಾಕಬೇಡಿ. ಉದ್ದದ ಬೋಲ್ಟ್ ಸ್ಪ್ರಿಂಗಿನಂತೆ ಸ್ವಲ್ಪ ಹಿಗ್ಗಿ, ಮ್ಯಾನಿಫೋಲ್ಡ್ ಜರುಗಿದರೂ ಹಿಡಿತ ಬಿಡುವುದಿಲ್ಲ. ಬಿಗಿಯುವುದು ನಡುವಿನಿಂದ ತುದಿಗೆ, ಎರಡು ಸುತ್ತಿನಲ್ಲಿ, ಬಿಗಿಯುವ ಬಲ ಅಳೆಯುವ ಟಾರ್ಕ್ ರೆಂಚಿನಿಂದ, ಮ್ಯಾನುಯಲ್ಲಿನ ಅಳತೆಗೆ. ಬಿಸಿಯಾಗಿ ತಣಿದ ಮೇಲೆ ಇನ್ನೊಮ್ಮೆ ಬಿಗಿಯಬೇಕೇ ಎಂಬುದನ್ನೂ ಮ್ಯಾನುಯಲ್ ಹೇಳುತ್ತದೆ. ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಕಿವಿಗೊಡಿ. ಬಿಸಿಯಾದ ಮೇಲೆ ಕೇಳಿದರೆ ಸೋರಿಕೆ ಇದ್ದರೂ ಗೊತ್ತಾಗದು.