ವಿಶೇಷ ಬಹುಮತ: ಸುಮ್ಮನೆ ಕೂತವರೂ ಲೆಕ್ಕಕ್ಕೆ ಬರುವ ಮತ

ಅಡ್ಮಿಷನ್ ಶುರುವಾದರೆ ಕಲಬುರಗಿಯ ಮಿನಿ ವಿಧಾನಸೌಧದ ಸುತ್ತಮುತ್ತಲಿನ ಜೆರಾಕ್ಸ್ ಅಂಗಡಿಗಳಲ್ಲಿ ಒಂದೇ ಮಾತು: ‘ತ್ರೀ ಸೆವೆಂಟಿ ಒನ್ ಜೆ’. ಸೀಟಿಗೂ ಅದೇ ಸರ್ಟಿಫಿಕೇಟ್, ನೌಕರಿಗೂ ಅದೇ. ಒಮ್ಮೆ ನನ್ನ ಮುಂದೆ ನಿಂತಿದ್ದ ಹುಡುಗಿ ಅಂಗಡಿಯವರನ್ನು ಕೇಳಿದಳು, “ಕಾಕಾ, ಈ ಜೆ ಅಂದ್ರ ಏನ್ರಿ?” ಅವರು ಕಾಪಿ ತೆಗೆಯುತ್ತಲೇ, “ಎ ದಿಂದ ಐ ತನಕ ಬ್ಯಾರೆಯವ್ರು ತಗೊಂಡಾರವ್ವ, ನಮಗ ಜೆ ಬಂದದ” ಅಂದರು.

ತಮಾಷೆ ಅಲ್ಲ, ಲೆಕ್ಕ ಸರಿಯೇ ಇದೆ. ಇವೆಲ್ಲ ಕೆಲವು ರಾಜ್ಯ, ಪ್ರದೇಶಗಳಿಗೆ ವಿಶೇಷ ಸವಲತ್ತು ಕೊಡುವ ಸಂವಿಧಾನದ ವಿಧಿಗಳು: 371ಎ ನಾಗಾಲ್ಯಾಂಡಿನದು, 371ಐ ಗೋವಾದ್ದು. ಕಲಬುರಗಿ, ಬೀದರ್, ಯಾದಗಿರಿ ಸೇರಿದ ನಮ್ಮ ಭಾಗಕ್ಕೆ ‘ಜೆ’ ಸಿಕ್ಕಿದ್ದು ಸಂವಿಧಾನದ 98ನೇ ತಿದ್ದುಪಡಿಯಿಂದ. 2012ರ ಡಿಸೆಂಬರಿನಲ್ಲಿ ಸಂಸತ್ತು ಅದನ್ನು ಒಪ್ಪಿತು. ಹಾಗೆ ಒಪ್ಪಲು ಬೇಕಾದದ್ದೇ ವಿಶೇಷ ಬಹುಮತ.

ಮಾಮೂಲಿ ಮಸೂದೆಗೆ ಇಷ್ಟು ಕಷ್ಟವಿಲ್ಲ. ಆ ಹೊತ್ತಿಗೆ ಸದನದಲ್ಲಿದ್ದು ಮತ ಹಾಕಿದವರಲ್ಲಿ ‘ಹೌದು’ ಅಂದವರು ಜಾಸ್ತಿ ಇದ್ದರೆ ಆಯ್ತು. ಲೋಕಸಭೆಯ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಹಾಜರಿ, ಹತ್ತನೇ ಒಂದು ಭಾಗ, 543ಕ್ಕೆ 55. ಅಷ್ಟೇ ಜನ ಕೂತ ದಿನ 28 ಮತ ಬಿದ್ದರೂ ಮಸೂದೆ ಪಾಸು! ಆಮೇಲೆ ರಾಜ್ಯಸಭೆ, ರಾಷ್ಟ್ರಪತಿಯ ಸಹಿ ಇದ್ದೇ ಇದೆ ಅನ್ನಿ.

ವಿಶೇಷ ಬಹುಮತಕ್ಕೆ ಎರಡು ಜರಡಿ. ಒಂದು, ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ‘ಹೌದು’ ಅನ್ನಬೇಕು. ಲೋಕಸಭೆಯಲ್ಲಿ ಅದು 272. ಎರಡು, ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಆ ಕಡೆ ಇರಬೇಕು. ಎರಡೂ ಸದನಗಳಲ್ಲಿ ಎರಡೂ ಜರಡಿ ದಾಟಬೇಕು. ಸುಪ್ರೀಂ ಕೋರ್ಟ್, ಹೈಕೋರ್ಟ್ ನ್ಯಾಯಾಧೀಶರನ್ನು ತೆಗೆಯಲಿಕ್ಕೂ ಇದೇ ಅಳತೆ.

ಮೊದಲನೇ ಜರಡಿ ಎಷ್ಟು ಬಿಗಿ ಅಂತ ಗೊತ್ತಾಗಿದ್ದು 1993ರ ಮೇ ತಿಂಗಳಲ್ಲಿ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರನ್ನು ತೆಗೆಯುವ ನಿರ್ಣಯ ಲೋಕಸಭೆಗೆ ಬಂದಿತ್ತು. ಪರವಾಗಿ 196 ಮತ. ವಿರುದ್ಧ? ಒಂದೂ ಇಲ್ಲ. ಆದರೂ ನಿರ್ಣಯ ಬಿದ್ದುಹೋಯಿತು. ಯಾಕಂದರೆ 205 ಜನ ಸದನದಲ್ಲೇ ಕೂತು ಮತ ಹಾಕಲಿಲ್ಲ. ಮತ ಹಾಕಿದವರೆಲ್ಲ ಒಂದೇ ಕಡೆ ಇದ್ದಿದ್ದರಿಂದ ಮೂರನೇ ಎರಡರ ಜರಡಿ ಆರಾಮಾಗಿ ದಾಟಿತು. ಒಟ್ಟು ಸದಸ್ಯರ ಅರ್ಧ ಮಾತ್ರ ಮುಟ್ಟಲಿಲ್ಲ. ಬೇಡ ಅಂತ ಬಾಯಿಬಿಟ್ಟು ಹೇಳುವ ಮುಜುಗರ ಯಾರಿಗೂ ಇಲ್ಲ, ಕೆಲಸ ಮಾತ್ರ ಕೆಟ್ಟಿತು. ನನ್ನ ಕೇಳಿದರೆ ಈ ನಿಯಮದ ದೊಡ್ಡ ತೂತು ಇದೇ.

ನ್ಯಾಯಾಧೀಶರನ್ನು ತೆಗೆಯುವುದನ್ನೂ ಪತ್ರಿಕೆಗಳು ‘ಮಹಾಭಿಯೋಗ’ ಅಂತ ಬರೆಯುತ್ತವೆ. ಸಂವಿಧಾನ ಆ ಮಾತನ್ನು ಇಟ್ಟಿರುವುದು ರಾಷ್ಟ್ರಪತಿಗೆ ಮಾತ್ರ. ಅವರ ಅಳತೆ ಇನ್ನೂ ಗಟ್ಟಿ: ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಮೂರನೇ ಎರಡು ಭಾಗ. ಇವತ್ತಿನವರೆಗೆ ಯಾವ ರಾಷ್ಟ್ರಪತಿಯನ್ನೂ ಹಾಗೆ ಇಳಿಸಿಲ್ಲ.

ಪ್ರಧಾನಿ ಕುರ್ಚಿ ಮಾತ್ರ ಮಾಮೂಲಿ ಬಹುಮತದ ಮೇಲೇ ನಿಂತಿದೆ. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರ್ಕಾರಕ್ಕೆ ಬಿದ್ದದ್ದು 269, ಎದುರಿಗೆ 270. ಒಂದೇ ಮತಕ್ಕೆ ಸರ್ಕಾರ ಹೋಯಿತು.

ಈ ಲೆಕ್ಕ ತಿಳಿಯಲು ದಿಲ್ಲಿವರೆಗೆ ಹೋಗಬೇಕಿಲ್ಲ. ನಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷರ ಮೇಲಿನ ಅವಿಶ್ವಾಸಕ್ಕೂ ಒಟ್ಟು ಸದಸ್ಯರ ಮೂರನೇ ಎರಡು ಭಾಗ ಬೇಕು. 15 ಸದಸ್ಯರಿದ್ದರೆ 10 ಕೈ ಮೇಲೇಳಬೇಕು. ಅಧ್ಯಕ್ಷರು ಎದುರಾಳಿಗಳನ್ನು ಗೆಲ್ಲಬೇಕಾಗಿಲ್ಲ, ಆರು ಜನ ಸಭೆಗೆ ಬರದಂತೆ ನೋಡಿಕೊಂಡರೆ ಸಾಕು. ಸಭೆ ದಿನ ಹತ್ತಿರ ಬಂದಂತೆ ಕೆಲವು ಸದಸ್ಯರಿಗೆ ದಿಢೀರನೆ ಭಕ್ತಿ ಉಕ್ಕಿ, ಕ್ರೂಸರ್ ಗಾಡಿ ಹತ್ತಿ ಶ್ರೀಶೈಲಕ್ಕೆ ಹೊರಡುವುದು ಅದಕ್ಕೇ.